ಬಂಡವಾಳ ಯಾರ ಆಳು?
(ಕ್ಯಾಥೋಲಿಕ್ ಧರ್ಮನೀತಿ ಮತ್ತು ಸಹಕಾರ: ಒಂದು ಚರಿತ್ರೆ)

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಸಹಕಾರದ ಚರಿತ್ರೆಯ ಬಗ್ಗೆ ಏನಾದರೂ ಬರೆಯಿರಿ ಎಂದು ಸಂಪಾದಕ ಸಮಿತಿಯವರು ಕೇಳಿಕೊಂಡರು. ಸಹಕಾರದ ಚರಿತ್ರೆ ಎಂದ ಕೂಡಲೇ ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು 1844ರಲ್ಲಿ ಅಂಗಡಿ ತೆರೆದದ್ದು, ಜರ್ಮನಿಯ ರೈಫೈಸನ್ ರೈತರಿಗೆ ಸಾಲದ ಸಂಘ ಕಟ್ಟಿದ್ದು, ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲ ಕೃಷಿ ಪತ್ತಿನ ಸಂಘ ಸ್ಥಾಪಿಸಿದ್ದು, ಇಷ್ಟನ್ನು ಎಲ್ಲ ಸಂಚಿಕೆಗಳಲ್ಲೂ ಓದಿಯೇ ಇರುತ್ತೇವೆ. ಅದನ್ನೇ ಮತ್ತೆ ಬರೆಯುವ ಬದಲು ಅಷ್ಟಾಗಿ ಯಾರೂ ಹೇಳದ ಇನ್ನೊಂದು ಕವಲಿನ ಕತೆಯನ್ನು ಸದಸ್ಯ ಬಾಂಧವರ ಮುಂದಿಡುತ್ತೇವೆ.

ಪ್ರತಿ ಮಹಾಸಭೆಯಲ್ಲೂ ನಾವು ಕೇಳುವ ಪ್ರಶ್ನೆ ಎರಡು. ಒಂದು ಗಟ್ಟಿಯಾಗಿ ಬರುತ್ತದೆ: ಈ ಸಲ ಡಿವಿಡೆಂಡ್ ಎಷ್ಟು? ಇನ್ನೊಂದು ಸಭೆ ಮುಗಿದು ಚಾ ಕುಡಿಯುವಾಗ ಮೆಲ್ಲಗೆ ಬರುತ್ತದೆ: ಜಾಮೀನು ಹಾಕುವವರಿಲ್ಲದವನಿಗೆ ಸಾಲ ಉಂಟಾ? ನೋಡಿದರೆ ಎರಡೂ ಒಂದೇ ಪ್ರಶ್ನೆ. ಹಣ ಇರುವುದು ಯಾರಿಗಾಗಿ? ಬಂಡವಾಳ ಮನುಷ್ಯನ ಆಳೋ, ಮನುಷ್ಯ ಬಂಡವಾಳದ ಆಳೋ? ಈ ಪ್ರಶ್ನೆಯನ್ನು ಕ್ಯಾಥೋಲಿಕ್ ಧರ್ಮಸಭೆಯವರು ಐನೂರು ವರ್ಷಕ್ಕೂ ಮಿಕ್ಕಿ ಜಿಜ್ಞಾಸೆ ಮಾಡಿದ್ದಾರೆ. ಅದರಿಂದ ಬರೀ ಉಪದೇಶ ಹುಟ್ಟಲಿಲ್ಲ, ಸಂಘಗಳೂ ಹುಟ್ಟಿದವು. ನಮ್ಮ ಸಂಘದಲ್ಲಿ ಎಲ್ಲ ಜಾತಿ ಮತದವರೂ ಸದಸ್ಯರು. ಆದುದರಿಂದ ಇದನ್ನು ಮತದ ವಿಷಯವೆಂದು ತಿಳಿಯದೆ, ಹಣದ ಬಗ್ಗೆ ನಡೆದ ಒಂದು ನ್ಯಾಯದ ವಿಚಾರ ಎಂದು ಓದಬೇಕಾಗಿ ವಿನಂತಿ.

ಬಡ್ಡಿ ಪಾಪವೇ?

ಹಿಂದಿನ ಕಾಲದಲ್ಲಿ ಯುರೋಪಿನ ಧರ್ಮಸಭೆ ಬಡ್ಡಿಯನ್ನು ಪಾಪವೆಂದು ನಿಷೇಧಿಸಿತ್ತು. ಅದಕ್ಕೆ ಕಾರಣವೂ ಇತ್ತು. ಆಗ ಸಾಲ ಕೇಳುತ್ತಿದ್ದವನು ಹೆಚ್ಚಾಗಿ ಬೆಳೆ ಹೋದವನು, ಮನೆಯಲ್ಲಿ ಕಾಯಿಲೆ ಇದ್ದವನು. ಅಂಥವನ ಕಷ್ಟದ ಮೇಲೆ ಲಾಭ ಮಾಡುವುದು ತಪ್ಪು ಎಂಬುದು ಅವರ ನ್ಯಾಯ. ಆದರೆ ನಿಷೇಧ ಮಾಡಿದ ಮಾತ್ರಕ್ಕೆ ಬಡವನ ಗರಜು ತಪ್ಪುತ್ತದೆಯೇ? ಅವನು ಹೋಗಿ ಇನ್ನೂ ದುಬಾರಿ ಬಡ್ಡಿಯವನ ಬಾಗಿಲಲ್ಲಿ ನಿಲ್ಲುತ್ತಿದ್ದ.

ಇದನ್ನು ಕಂಡ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಟೆಲಿಯ ಪೆರೂಜಾ ಎಂಬ ಪಟ್ಟಣದಲ್ಲಿ 1462ರಲ್ಲಿ ಒಂದು ವ್ಯವಸ್ಥೆ ಮಾಡಿದರು. ಅದರ ಹೆಸರು ಮೊಂತೆ ದಿ ಪಿಯೆತಾ. ಕರುಣೆಯ ರಾಶಿ ಎಂದು ಹೇಳಬಹುದು. ಊರವರಿಂದ ಹಣ ಒಟ್ಟು ಮಾಡಿ, ಬಡವರು ತಂದ ವಸ್ತುವನ್ನು ಈಡಾಗಿ ಇಟ್ಟುಕೊಂಡು, ಸಣ್ಣ ಸಾಲ ಕೊಡುವುದು. ನಮ್ಮ ಸಂಘದ ಚಿನ್ನಾಭರಣ ಈಡಿನ ಸಾಲ ಉಂಟಲ್ಲ, ಹೆಚ್ಚು ಕಡಿಮೆ ಅದೇ. ಗುಮಾಸ್ತನ ಸಂಬಳಕ್ಕೆ, ಕಟ್ಟಡದ ಖರ್ಚಿಗೆ ಎಂದು ಅಲ್ಪ ಹಣ ಪಡೆಯುತ್ತಿದ್ದರು. ಅದೂ ಬಡ್ಡಿಯೇ, ಅದೂ ಪಾಪವೇ ಎಂದು ದೊಡ್ಡ ವಾದ ಎದ್ದಿತು. ಹತ್ತಿರ ಹತ್ತಿರ ಐವತ್ತು ವರ್ಷ ವಾದ ನಡೆದು, 1515ರಲ್ಲಿ ಪೋಪ್ 10ನೇ ಲಿಯೋ ಅವರ ಕಾಲದ ಲ್ಯಾಟರನ್ ಧರ್ಮಸಮ್ಮೇಳನದಲ್ಲಿ ತೀರ್ಮಾನವಾಯಿತು. ಸಂಸ್ಥೆ ನಡೆಸುವ ಖರ್ಚಿಗೆ ಬೇಕಾದಷ್ಟನ್ನು ಪಡೆದರೆ ತಪ್ಪಲ್ಲ, ಸಾಲಗಾರನಿಂದ ಲಾಭ ಎಳೆಯಬಾರದು ಎಂಬುದು ಆ ತೀರ್ಮಾನದ ಸಾರ. ಬಡ್ಡಿ ದರ ಎಷ್ಟು ಎಂಬುದಕ್ಕಿಂತ ಆ ಬಡ್ಡಿ ಯಾತಕ್ಕೆ ಹೋಗುತ್ತದೆ ಎಂಬುದು ಮುಖ್ಯ ಎಂದು ಅವರು ಅಂದೇ ಗುರುತಿಸಿದ್ದರು.

1891ರ ಪತ್ರ

ಮುಂದೆ ಕಾಲ ಬದಲಾಯಿತು. ಕಾರ್ಖಾನೆಗಳು ಬಂದವು, ಹಳ್ಳಿಯವರು ಪೇಟೆ ಸೇರಿದರು. ಹೆಂಗಸರು, ಮಕ್ಕಳು ಕೂಡ ದಿನಕ್ಕೆ ಹನ್ನೆರಡು ಗಂಟೆ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು ದುಡಿಯುವಂತಾಯಿತು. ಕೂಲಿ ಎಷ್ಟು ಎಂದು ಮಾಲೀಕ ಹೇಳಿದ್ದೇ ಲೆಕ್ಕ. ಒಪ್ಪಿದರೆ ಕೆಲಸ, ಇಲ್ಲವಾದರೆ ಹಸಿವು. ಇದಕ್ಕೆ ಸ್ವತಂತ್ರ ಒಪ್ಪಂದ ಎಂದು ಹೆಸರು. ಇನ್ನೊಂದು ಕಡೆ ಆಸ್ತಿಯನ್ನೆಲ್ಲ ಸಾರ್ವಜನಿಕ ಮಾಡಬೇಕು ಎನ್ನುವ ಸಮಾಜವಾದಿಗಳು ಬಲಗೊಳ್ಳುತ್ತಿದ್ದರು.

ಆ ಹೊತ್ತಿನಲ್ಲಿ, 1891ನೇ ಇಸವಿ ಮೇ 15ರಂದು ಪೋಪ್ 13ನೇ ಲಿಯೋ ಅವರು ರೇರುಮ್ ನೊವಾರುಮ್ ಎಂಬ ವಿಶ್ವಪತ್ರ ಹೊರಡಿಸಿದರು. ಅದರಲ್ಲಿ ಅವರು ಎರಡೂ ಕಡೆಯವರಿಗೆ ಹೇಳಬೇಕಾದ್ದನ್ನು ಹೇಳಿದರು. ದುಡಿದು ಸಂಪಾದಿಸಿದ ಆಸ್ತಿಯನ್ನು ಇಟ್ಟುಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟು, ಅದನ್ನು ಕಿತ್ತುಕೊಳ್ಳಬಾರದು. ಇದು ಸಮಾಜವಾದಿಗಳಿಗೆ. ಆದರೆ ಕೂಲಿ ಎಂಬುದು ಪೇಟೆಯ ಧಾರಣೆಯಂತೆ ಏರಿಳಿಯುವ ಸಾಮಾನು ಅಲ್ಲ. ಮಿತವಾಗಿ ಬದುಕುವ ಕೆಲಸಗಾರನ ಜೀವನಕ್ಕೆ ಸಾಲದಷ್ಟು ಕಡಿಮೆ ಕೂಲಿಗೆ ಅವನು ಹೆದರಿ ಒಪ್ಪಿಕೊಂಡರೂ ಆ ಒಪ್ಪಿಗೆ ನ್ಯಾಯ ಅಲ್ಲ. ಇದು ಬಂಡವಾಳಗಾರರಿಗೆ. ಬಂಡವಾಳವಿಲ್ಲದೆ ದುಡಿಮೆ ನಡೆಯದು, ದುಡಿಮೆಯಿಲ್ಲದೆ ಬಂಡವಾಳ ನಡೆಯದು ಎಂದೂ ಬರೆದರು. ಸರ್ಕಾರ ದುರ್ಬಲರ ರಕ್ಷಣೆಗೆ ಬರಬೇಕು ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ದುಡಿಯುವ ಜನ ತಮ್ಮ ತಮ್ಮ ಸಂಘ ಕಟ್ಟಿಕೊಳ್ಳುವುದು ಮನುಷ್ಯನ ಸಹಜ ಹಕ್ಕು ಎಂದು ಸಾರಿದರು.

ನಲವತ್ತು ವರ್ಷದ ನಂತರ, 1931ರಲ್ಲಿ, ಪೋಪ್ 11ನೇ ಪಿಯುಸ್ ಇನ್ನೊಂದು ಪತ್ರ ಬರೆದರು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದ ಕಾಲ ಅದು. ಹಣ ಕೆಲವರ ಕೈಯಲ್ಲಿ ಸೇರಿದೆ, ಅವರಲ್ಲೂ ಸಾಲ ಕೊಡುವ ಅಧಿಕಾರ ಹಿಡಿದವರೇ ಎಲ್ಲರ ಬದುಕಿನ ಮೇಲೆ ಸವಾರಿ ಮಾಡುತ್ತಿದ್ದಾರೆ ಎಂದು ಎಚ್ಚರಿಸಿದರು. ಸಣ್ಣ ಸಂಘ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳಬಾರದು ಎಂಬ ತತ್ವವನ್ನೂ ಅದರಲ್ಲಿ ಸ್ಪಷ್ಟ ಮಾಡಿದರು. 1981ರಲ್ಲಿ ಪೋಪ್ 2ನೇ ಜಾನ್ ಪೌಲ್ ಅವರು ಬಂಡವಾಳಕ್ಕಿಂತ ದುಡಿಮೆ ಮೊದಲು ಎಂದು ಬರೆದರು. ಯಂತ್ರ, ಕಟ್ಟಡ, ಹಣ ಎಲ್ಲವೂ ಹಿಂದೆ ಯಾರೋ ದುಡಿದದ್ದರ ಫಲವೇ ತಾನೇ? 1991ರಲ್ಲಿ ಅವರೇ ಮತ್ತೆ ಬರೆದು, ಲಾಭ ಸಂಸ್ಥೆಯ ಆರೋಗ್ಯದ ಗುರುತು ಹೌದು, ಆದರೆ ಅದೊಂದೇ ಗುರುತು ಅಲ್ಲ ಎಂದರು. ಲೆಕ್ಕಪತ್ರ ಸರಿ ಇದ್ದು ಒಳಗಿನ ಮನುಷ್ಯರನ್ನು ತುಳಿಯುವ ಸಂಸ್ಥೆಯೂ ಇರಬಹುದು ಎಂಬುದು ಅದರ ಅರ್ಥ. 2025ರಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ 1891ರ ಪತ್ರವೇ ಮುಖ್ಯ ಕಾರಣ ಎಂದು ಹೇಳಿದ್ದಾರೆ.

ಮೀನುಗಾರರ ಪಾಠ

ಪತ್ರ ಎಷ್ಟೇ ಚೆನ್ನಾಗಿದ್ದರೂ ಅದು ಕಾಗದ. ಅದನ್ನು ಊರಿಗೆ ಇಳಿಸಿದ್ದು ಯಾರು? ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ಲೆವಿ ಎಂಬಲ್ಲಿ ಅಲ್ಫೋನ್ಸ್ ದೆಜಾರ್ದಾಂ ಎಂಬ ಗೃಹಸ್ಥರು 1900ರಲ್ಲಿ ಜನರ ಉಳಿತಾಯದ ಸಂಘ ಕಟ್ಟಿದರು. ಚಿಲ್ಲರೆ ಕಾಸಿನ ಉಳಿತಾಯವನ್ನೂ ಸ್ವೀಕರಿಸುತ್ತಿದ್ದ ಆ ಸಂಘಕ್ಕೆ ಊರಿನ ಪಾದ್ರಿಗಳ ಬೆಂಬಲ ಇತ್ತು. ಬಹುಕಾಲ ಅದರ ಲೆಕ್ಕಪತ್ರವನ್ನು ಅವರ ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು, ಹೆಂಡತಿ ದೊರಿಮೆನ್ ಅವರೂ ಕೈಜೋಡಿಸಿದ್ದರು. ಇಂದು ಅದು ಕೆನಡಾದ ಅತಿ ದೊಡ್ಡ ಸಹಕಾರಿ ಹಣಕಾಸು ಸಂಸ್ಥೆ.

ಅದೇ ದೇಶದ ಪೂರ್ವ ಕರಾವಳಿಯಲ್ಲಿ ನೋವಾ ಸ್ಕೋಶಿಯಾ ಎಂಬ ಪ್ರಾಂತ್ಯ ಉಂಟು. ಅಲ್ಲಿಯ ಕತೆ ನಮಗೆ ಇನ್ನೂ ಹತ್ತಿರ. ಅಲ್ಲಿ ಮೀನುಗಾರರ ಸ್ಥಿತಿ ಹೇಗಿತ್ತೆಂದರೆ, ಬಲೆ, ಹಗ್ಗ, ಉಪ್ಪು, ಮನೆಯ ಹಿಟ್ಟು ಎಲ್ಲವನ್ನೂ ವ್ಯಾಪಾರಿ ಸಾಲಕ್ಕೆ ಕೊಡುವುದು, ಹಿಡಿದ ಮೀನನ್ನು ಅವನಿಗೇ ಅವನು ಹೇಳಿದ ಕ್ರಯಕ್ಕೆ ಹಾಕುವುದು. ವರ್ಷದ ಕೊನೆಗೆ ಲೆಕ್ಕ ಚುಕ್ತಾ ಆದರೆ ಪುಣ್ಯ, ಬಾಕಿ ಉಳಿದರೆ ಮುಂದಿನ ವರ್ಷಕ್ಕೆ. ಕೈಯಲ್ಲಿ ನಗದು ಕಾಣುವುದೇ ಅಪರೂಪ. ಅಡಿಕೆ ಮಾರಾಟಕ್ಕೆ ಮೊದಲೇ ಸಾಹುಕಾರರ ಮಂಡಿಯಲ್ಲಿ ಹಣ ಎತ್ತಿದ ನಮ್ಮ ಅಜ್ಜಂದಿರ ಕತೆಗೂ ಇದಕ್ಕೂ ಏನು ವ್ಯತ್ಯಾಸ?

ಅಲ್ಲಿಯ ಆಂಟಿಗೊನಿಶ್ ಪಟ್ಟಣದಲ್ಲಿ ಸಂತ ಫ್ರಾನ್ಸಿಸ್ ಸೇವಿಯರ್ ವಿಶ್ವವಿದ್ಯಾಲಯ ಇದೆ. ಅಲ್ಲಿಯ ಪಾದ್ರಿ ಜೇಮ್ಸ್ ಟಾಂಪ್ಕಿನ್ಸ್ ಅವರ ಮಾತು ಏನೆಂದರೆ, ವಿದ್ಯೆ ಪದವಿ ಪಡೆಯುವವರಿಗೆ ಮಾತ್ರ ಅಲ್ಲ, ಮೀನು ಹಿಡಿಯುವವನಿಗೂ ಬೇಕು. 1921ರಲ್ಲಿ ರೈತರು ಮೊದಲಾದವರನ್ನು ವಿಶ್ವವಿದ್ಯಾಲಯಕ್ಕೇ ಕರೆಸಿ ಜನತಾ ಶಾಲೆ ನಡೆಸಿದರು. ಮುಂದೆ ಮೇಲಿನವರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರನ್ನು ಕ್ಯಾನ್ಸೋ ಎಂಬ ಬಡ ಮೀನುಗಾರರ ಊರಿನ ಇಗರ್ಜಿಗೆ ಕಳಿಸಿದರು. ಅದೇ ಒಳ್ಳೆಯದಾಯಿತು. 1927ರ ಜುಲೈ 1, ದೇಶವೆಲ್ಲ ಒಕ್ಕೂಟದ ಅರವತ್ತನೇ ವರ್ಷದ ಸಂಭ್ರಮದಲ್ಲಿದ್ದಾಗ ಕ್ಯಾನ್ಸೋದ ಮೀನುಗಾರರು, ಸಂಭ್ರಮಿಸಲು ನಮಗೆಂತ ಉಂಟು ಎಂದು ಸಭೆ ಸೇರಿದರು. ಅದು ಪತ್ರಿಕೆಯಲ್ಲಿ ಬಂತು, ಸರ್ಕಾರ ಆಯೋಗ ನೇಮಿಸಿತು, ಮೀನುಗಾರರ ಸಹಕಾರ ಸಂಘಗಳನ್ನು ಕಟ್ಟಬೇಕು ಎಂದು ಆಯೋಗ ಶಿಫಾರಸು ಮಾಡಿತು.

1928ರಲ್ಲಿ ವಿಶ್ವವಿದ್ಯಾಲಯ ವಿಸ್ತರಣಾ ವಿಭಾಗ ತೆರೆದು, ಟಾಂಪ್ಕಿನ್ಸರ ಬಂಧು ಪಾದ್ರಿ ಮೋಸೆಸ್ ಕೋಡಿ ಅವರನ್ನು ನಿರ್ದೇಶಕರಾಗಿ ಮಾಡಿತು. ಕೋಡಿಯವರು ಊರೂರು ತಿರುಗಿದರು. ಅವರ ಕ್ರಮ ಹೀಗಿತ್ತು: ಮೊದಲು ಒಂದು ದೊಡ್ಡ ಸಭೆ. ಆಮೇಲೆ ನೆರೆಕರೆಯ ಹತ್ತು ಹನ್ನೆರಡು ಜನರ ಸಣ್ಣ ಗುಂಪು, ಯಾರದಾದರೂ ಮನೆಯ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಕೂತು ಓದುವುದು, ಚರ್ಚೆ ಮಾಡುವುದು. ಇದಕ್ಕೆ ಅಧ್ಯಯನ ಕೂಟ ಎಂದು ಹೆಸರು. ಓದುವುದು ಎಂತದು? ನಮ್ಮ ಮೀನು ಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ, ನಮಗೆ ಸಿಗುವುದೆಷ್ಟು, ನಡುವಿನದು ಯಾರಿಗೆ? ಸಂಘದ ಲೆಕ್ಕ ಬರೆಯುವುದು ಹೇಗೆ? ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು. ಮೊದಲು ತಿಳಿವಳಿಕೆ, ಆಮೇಲೆ ಸಂಘ. ಈ ಅನುಕ್ರಮವನ್ನು ಅವರು ತಪ್ಪಿಸುತ್ತಿರಲಿಲ್ಲ. 1930ರ ದಶಕ ಮುಗಿಯುವಾಗ ಇಂಥ ಕೂಟಗಳು ಸಾವಿರಕ್ಕೂ ಮಿಕ್ಕಿದ್ದವು.

ಫಲವೂ ಬಂತು. ಲಿಟಲ್ ಡೋವರ್ ಎಂಬ ಕುಗ್ರಾಮದವರು ತಾವೇ ಮರ ಕಡಿದು ತಂದು, ದೊಡ್ಡ ಸಿಗಡಿಯಂಥ ಲಾಬ್‌ಸ್ಟರನ್ನು ಡಬ್ಬಿ ತುಂಬುವ ಘಟಕವನ್ನು ಸ್ವಂತ ಕೈಯಲ್ಲೇ ಕಟ್ಟಿದರು. 1930ರಲ್ಲಿ ಮೀನುಗಾರರ ಒಕ್ಕೂಟ ಹುಟ್ಟಿತು. 1932ರಲ್ಲಿ ಪತ್ತಿನ ಸಂಘಗಳಿಗೆ ಪ್ರಾಂತ್ಯದಲ್ಲಿ ಕಾನೂನು ಬಂತು. ರಿಸರ್ವ್ ಮೈನ್ಸ್ ಎಂಬಲ್ಲಿ ಗಣಿ ಕಾರ್ಮಿಕರು ಕೂಟದಲ್ಲಿ ಮನೆ ಕಟ್ಟುವ ವಿದ್ಯೆ ಕಲಿತು, 1938ರಲ್ಲಿ ಸಹಕಾರದಿಂದ ಹನ್ನೊಂದು ಮನೆ ಕಟ್ಟಿಕೊಂಡರು. ಈ ಕೆಲಸದಲ್ಲಿ ಕನ್ಯಾಸ್ತ್ರೀಯರೂ ಊರಿನ ಹೆಂಗಸರೂ ಕೂಡಿದ್ದರು. ಪಾದ್ರಿಗಳು ಮುಂದೆ ನಿಂತರೂ ಸಂಘದ ಬಾಗಿಲು ಎಲ್ಲ ಪಂಥದವರಿಗೂ ತೆರೆದಿತ್ತು. ಮೀನಿನ ಕ್ರಯ ಇಳಿದರೆ ಎಲ್ಲರಿಗೂ ಇಳಿಯುತ್ತದೆ, ಅದು ಯಾರ ಮತವನ್ನೂ ಕೇಳುವುದಿಲ್ಲ. ಕೋಡಿಯವರು 1959ರಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಆರಂಭವಾದ ಸಂಸ್ಥೆಯಲ್ಲಿ ನಮ್ಮ ಭಾರತದವರೂ ಸೇರಿ ಅನೇಕ ದೇಶಗಳ ಕಾರ್ಯಕರ್ತರು ತರಬೇತಿ ಪಡೆದಿದ್ದಾರೆ.

ಕೆಲಸಗಾರನೇ ಮಾಲೀಕ

ಎರಡನೇ ಉದಾಹರಣೆ ಸ್ಪೇನ್ ದೇಶದ ಮೊಂದ್ರಾಗೋನ್ ಪಟ್ಟಣದ್ದು. ಅಲ್ಲಿ ಅಂತರ್ಯುದ್ಧ ಮುಗಿದು ಬಡತನ ತುಂಬಿದ್ದಾಗ, 1941ರಲ್ಲಿ ಹೋಸೆ ಮರಿಯಾ ಅರಿಸ್ಮೆಂದಿಯರ್ರಿಯೆತಾ ಎಂಬ 25 ವರ್ಷದ ಪಾದ್ರಿ ಬಂದರು. ಅವರೂ ಮೊದಲು ಹಣ ಹುಡುಕಲಿಲ್ಲ. 1943ರಲ್ಲಿ ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐವರು ಯುವಕರು 1956ರಲ್ಲಿ ಸೀಮೆಎಣ್ಣೆ ಸ್ಟವ್ ಮಾಡುವ ಕಾರ್ಖಾನೆ ಆರಂಭಿಸಿದರು. ಕೆಲಸಗಾರರೇ ಅದರ ಮಾಲೀಕರು. 1959ರಲ್ಲಿ ಇಂಥ ಕಾರ್ಖಾನೆಗಳಿಗೆ ಬಂಡವಾಳ ಒದಗಿಸಲು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು.

ಅಲ್ಲಿಯ ನಿಯಮ ಗಮನಿಸಬೇಕು. ಹಣ ಎಷ್ಟೇ ಹಾಕಿರಲಿ, ಒಬ್ಬರಿಗೆ ಒಂದೇ ಮತ. ಮೇಲಿನ ಸಂಬಳ ಕೆಳಗಿನ ಸಂಬಳದ ಮೂರು ಪಟ್ಟು ಮೀರಬಾರದು ಎಂದು ಮೊದಲಿಗೆ ಇತ್ತು, ಕಾಲಕ್ರಮದಲ್ಲಿ ಅದು ಆರು ಪಟ್ಟಿನವರೆಗೆ ಹೋಯಿತು. ಲಾಭದಲ್ಲಿ ಸದಸ್ಯನ ಪಾಲು ಅವನ ಖಾತೆಗೆ ಜಮೆಯಾಗುತ್ತದೆ, ಆದರೆ ಕೆಲಸ ಬಿಡುವ ತನಕ ಅದು ಸಂಸ್ಥೆಯ ಬಂಡವಾಳವಾಗಿಯೇ ದುಡಿಯುತ್ತದೆ. ಅಂದರೆ ಹಣಕ್ಕೆ ಬಾಡಿಗೆ ಸಿಗಬಹುದು, ಅಧಿಕಾರ ಸಿಗದು. ಇಂದು ಆ ಸಮೂಹದಲ್ಲಿ 70 ಸಾವಿರದ ಆಸುಪಾಸು ಜನ ದುಡಿಯುತ್ತಾರೆ.

ಹಾಗೆಂದು ಅಲ್ಲಿ ಎಲ್ಲವೂ ಸರಾಗ ಎಂದು ಬರೆದರೆ ಸುಳ್ಳಾಗುತ್ತದೆ. ಅವರ ಮೊದಲ ಕಾರ್ಖಾನೆಯಿಂದ ಬೆಳೆದ ಫಾಗೋರ್ ಎಂಬ ಗೃಹೋಪಯೋಗಿ ಯಂತ್ರಗಳ ಘಟಕ, ಹೊರಗೆ ಸಾಲ ಮಾಡಿ ಬೆಳೆದು, 2008ರ ನಂತರ ಮಾರಾಟ ಕುಸಿದು, 2013ರಲ್ಲಿ ಮುಳುಗಿತು. ಅದಕ್ಕೆ ಹಣ ಕೊಟ್ಟಿದ್ದ ಸಣ್ಣ ಉಳಿತಾಯಗಾರರಿಗೆ ನಷ್ಟವಾಯಿತು. ಕೆಲಸ ಹೋದ ಸದಸ್ಯರಲ್ಲಿ ಬಹಳಷ್ಟು ಮಂದಿಗೆ ಉಳಿದ ಘಟಕಗಳು ಕೆಲಸ ಒದಗಿಸಿದವು. ಇದರಲ್ಲಿ ಎರಡು ಪಾಠ ಉಂಟು. ಸಹಕಾರ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ವ್ಯಾಪಾರದ ಲೆಕ್ಕ ನಮ್ಮನ್ನು ಬಿಡುವುದಿಲ್ಲ. ಬಿದ್ದಾಗ ಎತ್ತುವವರು ಇರುವುದು ಮಾತ್ರ ಸಹಕಾರದಲ್ಲೇ ಹೆಚ್ಚು.

ನಮ್ಮ ಸೀಮೆಯಲ್ಲಿ

ಈ ಗಾಳಿ ನಮ್ಮ ಕಡೆಗೂ ಬೀಸದೆ ಇರಲಿಲ್ಲ. ಮಂಗಳೂರಿನಲ್ಲಿ 1912ರಷ್ಟು ಹಿಂದೆಯೇ ಪಿ.ಎಫ್.ಎಕ್ಸ್. ಸಲ್ದಾನ್ಹ ಅವರು ಕ್ಯಾಥೋಲಿಕ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು, ಅದು ಇಂದೂ ನಡೆಯುತ್ತಿದೆ. ಪುತ್ತೂರಿನ ಮೊಳಹಳ್ಳಿ ಶಿವರಾಯರು ದಕ್ಷಿಣ ಕನ್ನಡದ ಹಳ್ಳಿ ಹಳ್ಳಿಗೆ ಸಹಕಾರ ತಲುಪಿಸಿದವರು. ಅವರದು ಬೇರೆ ಧರ್ಮ, ಆದರೆ ಮನಸ್ಸು ಅದೇ. ಅಡಿಕೆ ಧಾರಣೆ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. ನೋವಾ ಸ್ಕೋಶಿಯಾದ ಮೀನುಗಾರರು ಕೇಳಿದ ಪ್ರಶ್ನೆಯನ್ನೇ, ಅಂದರೆ ನಡುವಿನದು ಯಾರಿಗೆ ಎಂಬುದನ್ನೇ, ನಮ್ಮ ಬೆಳೆಗಾರರೂ ಕೇಳಿದ್ದರು. ನ್ಯಾಯದ ವಿಚಾರಕ್ಕೆ ಗಡಿ ಇಲ್ಲ.

ಇನ್ನು ನಮ್ಮ ಸಂಘದ ಮಾತು. ಇಪ್ಪತ್ತೈದು ವರ್ಷದಲ್ಲಿ ಸ್ವಂತ ಕಟ್ಟಡ, ಗೊಬ್ಬರದ ಗೋದಾಮು, ಕಂಪ್ಯೂಟರ್ ಎಲ್ಲ ಆಗಿದೆ. ಬೆಳೆಸಾಲ ಸಕಾಲಕ್ಕೆ ಸಿಗುತ್ತದೆ. ಆದರೆ ಬೆಳೆಸಾಲಕ್ಕೆ ಆರ್‌ಟಿಸಿ ಬೇಕು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಕೂಲಿಗೆ ಹೋಗುವವರಿಗೆ ಆರ್‌ಟಿಸಿ ಎಲ್ಲಿಂದ? ಹೋದ ವರ್ಷ ನಮ್ಮ ಸದಸ್ಯೆಯೊಬ್ಬರು ಮಗಳ ಕಾಲೇಜಿನ ಫೀಸಿಗೆ ಹದಿನೈದು ಸಾವಿರ ಕೇಳಿಕೊಂಡು ಬಂದಿದ್ದರು. ಇಬ್ಬರು ಜಾಮೀನುದಾರರು ಸಿಗಲಿಲ್ಲ. ಬೈಲಾ ಪ್ರಕಾರ ಕೊಡಲು ಬರುವುದಿಲ್ಲ. ಬೈಲಾ ಅನ್ಯಾಯದ್ದಲ್ಲ, ಆ ಹಣ ಇನ್ನೊಬ್ಬರು ಬೆವರು ಸುರಿಸಿ ಇಟ್ಟ ಠೇವಣಿ. ವಾರದೊಳಗೆ ಆ ಅಕ್ಕ ಹೊರಗಿನ ಗುಂಪು ಸಾಲಕ್ಕೆ ಹೆಬ್ಬೆಟ್ಟು ಒತ್ತಿಯಾಗಿತ್ತು. ಈಗ ವಾರ ವಾರ ಕಂತು, ತಪ್ಪಿದರೆ ಮನೆ ಬಾಗಿಲಲ್ಲಿ ಜನ. 2025ರ ಆರಂಭದಲ್ಲಿ ನಮ್ಮ ರಾಜ್ಯ ಸರ್ಕಾರ ಇಂಥ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂತು ಎಂದರೆ ಇದು ಒಬ್ಬರ ಮನೆಯ ಕತೆಯಲ್ಲ ಎಂದು ತಿಳಿಯುತ್ತದೆ. 1462ರಲ್ಲಿ ಪೆರೂಜಾದ ಸನ್ಯಾಸಿಗಳ ಮುಂದೆ ನಿಂತದ್ದೂ ಇದೇ ಸಮಸ್ಯೆ. ನಿಯಮದ ಹೊರಗೆ ಉಳಿದವನು ಸುಮ್ಮನೆ ಕೂರುವುದಿಲ್ಲ, ದುಬಾರಿ ಬಾಗಿಲಿಗೆ ಹೋಗುತ್ತಾನೆ.

ಆದುದರಿಂದ ಬೆಳ್ಳಿಹಬ್ಬದ ಈ ವರ್ಷ ಸದಸ್ಯರ ವಿಚಾರಕ್ಕೆ ಮೂರು ಸಲಹೆ ಇಡುತ್ತೇವೆ. ಒಂದು, ಲಾಭ ವಿಂಗಡಣೆ ಮಾಡುವಾಗ ಡಿವಿಡೆಂಡ್ ಶೇಕಡಾ ಒಂದು ಕಡಿಮೆ ಮಾಡಿಕೊಂಡು, ಕಾನೂನಿನ ಚೌಕಟ್ಟಿನಲ್ಲಿ ಒಂದು ಸಣ್ಣ ನಿಧಿ ಕಟ್ಟಬೇಕು. ಆಸ್ತಿ ಇಲ್ಲದವರ ತುರ್ತು ಸಾಲಕ್ಕೆ ನಷ್ಟ ಬಂದರೆ ಆ ನಿಧಿಯಿಂದ ತುಂಬಬೇಕು, ಠೇವಣಿದಾರರ ಒಂದು ರೂಪಾಯಿಗೂ ತೊಂದರೆ ಆಗಬಾರದು. ಇದಕ್ಕೆ ಬೈಲಾ ತಿದ್ದುಪಡಿ ಬೇಕಾದರೆ ಮಹಾಸಭೆಯಲ್ಲೇ ಮಾಡೋಣ. ಎರಡು, ವಾರ್ಡಿಗೊಂದರಂತೆ ತಿಂಗಳಿಗೊಮ್ಮೆ ಕೂಟ ಸೇರಬೇಕು. ಸಂಘದ ಜಮಾ ಖರ್ಚು, ಅಡಿಕೆಯ ಧಾರಣೆ, ಹೊರಗಿನ ಸಾಲದ ನಿಜವಾದ ಬಡ್ಡಿ, ಇವನ್ನು ಕನ್ನಡದಲ್ಲಿ ಬಿಡಿಸಿ ಓದಬೇಕು. ಸಹಕಾರ ಶಿಕ್ಷಣ ನಿಧಿಗೆ ವರ್ಷ ವರ್ಷ ಹಣ ಕಟ್ಟುತ್ತೇವೆ, ಶಿಕ್ಷಣವೂ ನಮ್ಮ ಅಂಗಳದಲ್ಲಿ ನಡೆಯಲಿ. ಮೂರು, ಸಂಘದ ದಿನಗೂಲಿ ಕೆಲಸಗಾರರ ಸಂಬಳವನ್ನು ನೋಡುವಾಗ ಪೇಟೆಯಲ್ಲಿ ಎಷ್ಟಕ್ಕೆ ಜನ ಸಿಗುತ್ತಾರೆ ಎಂದು ಮಾತ್ರ ಕೇಳದೆ, ಆ ಸಂಬಳದಲ್ಲಿ ಒಂದು ಸಂಸಾರ ನಡೆಯುತ್ತದೆಯೇ ಎಂದೂ ಕೇಳಬೇಕು.

ಡಿವಿಡೆಂಡ್ ಕಡಿಮೆ ಮಾಡಿ ಎಂದರೆ ಕೆಲವರಿಗೆ ಬೇಸರ ಆಗಬಹುದು. ಲೆಕ್ಕ ಹಾಕಿ ನೋಡಿ: ಸಾವಿರ ರೂಪಾಯಿ ಪಾಲು ಇದ್ದವರಿಗೆ ಶೇಕಡಾ ಒಂದು ಎಂದರೆ ವರ್ಷಕ್ಕೆ ಹತ್ತು ರೂಪಾಯಿ. ಹೋಟೆಲಿನ ಒಂದು ಚಾ. ಎಲ್ಲರ ಆ ಹತ್ತು ಹತ್ತು ಕೂಡಿದರೆ ಒಂದು ಮನೆಯ ಬಾಗಿಲಿಗೆ ವಸೂಲಿಯವರು ಬರುವುದು ತಪ್ಪಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಠೇವಣಿ ಸಂಗ್ರಹಕ್ಕೆ ಮಾತ್ರ ಬಳಸಿದ್ದೇವೆ, ಹಂಚುವಾಗಲೂ ಬಳಸಬಹುದು. ದೊಡ್ಡ ಪಾಲು ಇರುವವರಿಗೆ ಹೊರೆ ಸ್ವಲ್ಪ ಹೆಚ್ಚು ಬೀಳುತ್ತದೆ ನಿಜ. ಆದರೆ ಮಹಾಸಭೆಯಲ್ಲಿ ಅವರ ಕೈಯೂ ಒಂದೇ, ಆ ಅಕ್ಕನ ಕೈಯೂ ಒಂದೇ. ಸಹಕಾರಕ್ಕೂ ಕಂಪೆನಿಗೂ ಇರುವ ವ್ಯತ್ಯಾಸ ಆ ಎತ್ತಿದ ಕೈಯಲ್ಲೇ ಉಂಟು.

ನಮ್ಮ ಸಲಹೆಗಳನ್ನು ಒಪ್ಪುವವರೂ, ಒಪ್ಪದವರೂ ಬರುವ ಮಹಾಸಭೆಗೆ ತಪ್ಪದೆ ಬಂದು ಮಾತಾಡಬೇಕು ಎಂದು ಕೇಳಿಕೊಳ್ಳುತ್ತೇವೆ. ಸಂಘವು ಸುವರ್ಣ ಮಹೋತ್ಸವ ಕಾಣಲಿ, ಅಷ್ಟರೊಳಗೆ ಜಾಮೀನಿಲ್ಲದ ಕಾರಣಕ್ಕೆ ಹಿಂದೆ ಹೋದ ಸದಸ್ಯರು ನಮ್ಮ ಊರಿನಲ್ಲಿ ಒಬ್ಬರೂ ಇಲ್ಲದಂತಾಗಲಿ.